ಮೂಲೆಯ ಕಪ್ಪು

"ಹಾಲ್ವರ್, ನೀನು ಕಳಿಸಿರೋದು ಸಿನಿಮಾನೋ ಗಂಜಿನೋ?"

ಫೋನಿನಲ್ಲಿ ತೋರ್ದಿಸ್. ಹಿಂದೆ ದೋಣಿ ಇಡುತ್ತಿದ್ದ, ಈಗ ಊರವರೆಲ್ಲ ಸೇರುವ ದೋಣಿಮನೆಯ ಉಸ್ತುವಾರಿ ಅವಳದು. ಹೇಗಿದ್ದೀಯ, ಏನು ಕತೆ ಎಂಬ ಉಪಚಾರವೆಲ್ಲ ಅವಳ ಬಾಯಿಗೆ ಬರುವುದಿಲ್ಲ.

"ಹಿಲ್ಮಾರಜ್ಜ ದೋಣಿಗೆ ಬಳೀತಿರೋದು ಡಾಂಬರು ಕಣೋ. ಇಲ್ಲಿ ಪರದೆ ಮೇಲೆ ನೋಡಿದ್ರೆ ಒಲೆ ಬೂದಿ. ಇನ್ನು ಅವರ ಟೋಪಿ! ನಾನೇ ಕೈಯಾರೆ ಹೆಣೆದಿದ್ದು. ಕೆಂಪು ಉಣ್ಣೆ ತಂದು ಹೆಣೆದಿದ್ದೆ, ಇಟ್ಟಿಗೆ ಪುಡಿ ತಂದಲ್ಲ."

"ನನ್ನ ಹತ್ರ ಸರಿಯಾಗೇ ಕಾಣ್ತಿದೆ," ಎಂದ ಹಾಲ್ವರ್. "ನಿಮ್ಮ ಪ್ರೊಜೆಕ್ಟರ್ ಏನಾಗಿದೆ ನೋಡ್ಕೋ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ತೋರ್ದಿಸ್ ಫೋನಿಟ್ಟಳು.

ಸೂರ್ಯನ ದಿನ ಹತ್ತಿರ ಬಂದಿತ್ತು. ಭೂಮಿಯ ಉತ್ತರ ತುದಿಯ ಈ ಊರಿನಲ್ಲಿ, ನವೆಂಬರಿನಲ್ಲಿ ಬೆಟ್ಟದ ಹಿಂದೆ ಇಳಿದ ಸೂರ್ಯ ಜನವರಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗಳಿಗೆಯ ಮಟ್ಟಿಗೆ ತಲೆ ಹಾಕುತ್ತಾನೆ. ಅವತ್ತು ಮಕ್ಕಳಿಗೆ ಪಾಠವಿಲ್ಲ, ದೊಡ್ಡವರಿಗೆ ಕೆಲಸವಿಲ್ಲ, ಎಲ್ಲರ ಕೈಯಲ್ಲೂ ಒಳಗೆ ಜಾಮ್ ತುಂಬಿ ಮೇಲೆ ಸಕ್ಕರೆ ಉದುರಿಸಿದ ಬನ್ನು. ಈ ಸಲ ಬನ್ನಿನ ಜೊತೆಗೆ ದೋಣಿಮನೆಯಲ್ಲಿ ಸಿನಿಮಾ ಎಂದು ತೋರ್ದಿಸ್ ಊರೆಲ್ಲ ಸಾರಿಬಿಟ್ಟಿದ್ದಳು. ತೊಂಬತ್ತರ ಹೊಸ್ತಿಲಲ್ಲಿರುವ ಹಿಲ್ಮಾರಜ್ಜ ತನ್ನ ಕೊನೆಯ ದೋಣಿ ಕಟ್ಟಿದ್ದನ್ನು ಹಾಲ್ವರ್ ಹಿಂದಿನ ವರ್ಷದ ಚಳಿಗಾಲವಿಡೀ ಚಿತ್ರೀಕರಿಸಿದ್ದ. ಅದೇ ಸಿನಿಮಾ. ದೋಣಿಮನೆಯ ಮಾಡು ಇವತ್ತಿಗೂ ಎರಡು ಕಡೆ ಸೋರುತ್ತದೆ, ಪ್ರೊಜೆಕ್ಟರ್ ಮಾತ್ರ ಹೊಚ್ಚ ಹೊಸದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥದ್ದಕ್ಕೇ.

ಹಾಲ್ವರ್ ಕಳಿಸಿದ ಫೈಲನ್ನು ತಾನೂ ಒಮ್ಮೆ ತೆರೆದು ನೋಡಿದ. ಬಣ್ಣ ತಿದ್ದುವ ದೊಡ್ಡ ಮಾನಿಟರಿನಲ್ಲಿ ಅಲ್ಲ, ಎಲ್ಲರ ಮನೆಯಲ್ಲೂ ಇರುವಂಥ ಸಾಧಾರಣ ಪರದೆಯಲ್ಲಿ. ತೋರ್ದಿಸ್ ಹೇಳಿದ್ದು ನಿಜ. ಡಾಂಬರು ಬೂದಿಯಾಗಿತ್ತು. ಟೋಪಿ ಇಟ್ಟಿಗೆಯಾಗಿತ್ತು.

ಈ ಕಾಯಿಲೆ ಈ ಕಸುಬಿನವರಿಗೆಲ್ಲ ಗೊತ್ತಿರುವುದೇ. ವಾರಗಟ್ಟಲೆ ಕೂತು ಕಪ್ಪನ್ನು ಕಪ್ಪಾಗಿ, ಕೆಂಪನ್ನು ಕೆಂಪಾಗಿ ಕೂರಿಸಿ, ಕೊನೆಗೆ ಆ ಬೆಟ್ಟದಂಥ ಫೈಲನ್ನು ಒತ್ತಿ ಕುಗ್ಗಿಸಿ ಹೊರಗೆ ಕಳಿಸಿದ ಕೂಡಲೇ ಬಣ್ಣ ಜಾರುತ್ತದೆ. ಕಪ್ಪಿನಿಂದ ಬಿಳುಪಿನವರೆಗೆ ಹತ್ತುವ ಮೆಟ್ಟಿಲುಗಳಿವೆಯಲ್ಲ, ಯಾವ ಮೆಟ್ಟಿಲು ಎಷ್ಟು ಎತ್ತರ ಎಂಬ ಲೆಕ್ಕಕ್ಕೆ ಗ್ಯಾಮಾ ಎನ್ನುತ್ತಾರೆ. ಆ ಲೆಕ್ಕವನ್ನು ಹೇಳುವ ಒಂದು ಪುಟ್ಟ ಗುರುತು ಫೈಲಿಗೆ ಅಂಟಿಕೊಂಡಿರಬೇಕು. ಅದು ಬಿದ್ದುಹೋದರೆ ತೋರಿಸುವ ಯಂತ್ರ ತನಗೆ ತೋಚಿದಂತೆ ಊಹಿಸುತ್ತದೆ. ಕೆಳಗಿನ ಮೆಟ್ಟಿಲುಗಳೆಲ್ಲ ಮೇಲಕ್ಕೆದ್ದು ಕತ್ತಲೆನ್ನುವುದು ಮಬ್ಬಾಗುತ್ತದೆ, ಕೆಂಪು ಪಕ್ಕಕ್ಕೆ ಸರಿಯುತ್ತದೆ. ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಓದುವ ಯಂತ್ರ ತಪ್ಪು ಓದುತ್ತದೆ, ಅಷ್ಟೆ.

ಇಷ್ಟೆಲ್ಲ ಬಲ್ಲವನು ಮೊದಲು ಆ ಗುರುತು ಇದೆಯೋ ಇಲ್ಲವೋ ಎಂದು ನೋಡಬೇಕಿತ್ತು. ನೋಡಲಿಲ್ಲ. ಹಾಲ್ವರನಿಗೆ ಈ ಸಿನಿಮಾ ಕೈಬಿಟ್ಟು ಹೋದರೆ ಸಾಕಾಗಿತ್ತು. ಕಸುಬಿಗೆ ಹೊಸಬರು ಮಾಡುವ ಕೆಲಸವನ್ನೇ ಅವನೂ ಮಾಡಿದ: ಬಿಳಿಚಿದ ಚಿತ್ರವನ್ನು ನೋಡುತ್ತ ನೋಡುತ್ತ ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ಕೆಂಪಿಗೆ ಇನ್ನಷ್ಟು ಕೆಂಪು ಬೆರೆಸಿ, ಮತ್ತೆ ಕುಗ್ಗಿಸಿ ಕಳಿಸಿದ. ಏನು ಮಾಡಿದೆ ಎಂದು ತೋರ್ದಿಸ್‌ಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಫೋನು.

"ಈಗ ಹಿಲ್ಮಾರಜ್ಜಂಗೆ ಕೈಯೇ ಇಲ್ಲ! ಮೈಯೂ ಇಲ್ಲ. ಕತ್ತಲಲ್ಲಿ ಟೋಪಿ ಒಂದೇ ತೇಲ್ತಾ ಇದೆ, ದೆವ್ವದ ಟೋಪಿ ತರ."

ಹಾಲ್ವರ್ ಕಣ್ಣುಜ್ಜಿಕೊಂಡ. "ತೋರ್ದಿಸ್, ನೀನೇನಾದ್ರೂ ಮುಟ್ಟಿದ್ಯಾ?"

"ಸ್ವಲ್ಪ. ರಿಮೋಟಲ್ಲಿ ಕತ್ತಲು ಜಾಸ್ತಿ ಮಾಡ್ದೆ. ನಿಂಗ್ಯಾಕೆ ತೊಂದ್ರೆ ಕೊಡೋದು ಅಂತ. ನೀನು?"

"ನಾನೂ ಸ್ವಲ್ಪ ಕಪ್ಪು ಮಾಡಿ ಕಳಿಸ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಹೇಳ್ಬಾರ್ದಿತ್ತಾ?"

ಈ ಕರಾವಳಿಯವರ ಜಾಯಮಾನವೇ ಇದು. ಒಂದು ಮಾತಿನಲ್ಲಿ ಮುಗಿಯುವ ಕೆಲಸವನ್ನು ಮಾತಾಡದೆ ಇಬ್ಬರೂ ಎರಡು ಕಡೆಯಿಂದ ಮಾಡಿ ಕೆಡಿಸುತ್ತಾರೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂಬುದನ್ನು ಎದೆಹಾಲಿನ ಜೊತೆಗೇ ಕುಡಿದವರು. ಒಬ್ಬರ ಮನೆಯ ಮುಂದಿನ ಹಿಮವನ್ನು ಇನ್ನೊಬ್ಬರು ಹೇಳದೆ ಕೇಳದೆ ಎತ್ತಿಹಾಕುತ್ತಾರೆ, ಆದರೆ ಮನಸ್ಸಿನಲ್ಲಿರುವುದನ್ನು ಹೇಳು ಎಂದರೆ ಹವಾಮಾನದ ಮಾತೆತ್ತುತ್ತಾರೆ. ಇದರಿಂದ ಎಷ್ಟು ಬಾಳು ಹಾಳಾಗಿದೆಯೋ ಲೆಕ್ಕವಿಟ್ಟವರಿಲ್ಲ.

"ರಿಮೋಟನ್ನ ಮೊದಲು ಹೇಗಿತ್ತೋ ಹಾಗೆ ಮಾಡು," ಎಂದ ಹಾಲ್ವರ್. "ಇನ್ನು ಮುಟ್ಬೇಡ. ನಾನು ಬುಡದಿಂದ ನೋಡ್ತೀನಿ."

ಬುಡದಿಂದ ನೋಡುವುದೆಂದರೆ ಸಿನಿಮಾವನ್ನು ಮತ್ತೆ ಎದುರಿಗಿಟ್ಟುಕೊಳ್ಳಬೇಕು. ಅದೇ ಅವನಿಗೆ ಬೇಡವಾಗಿದ್ದದ್ದು. ಯಾಕೆಂದರೆ ಅದರ ಪ್ರತಿ ತುಣುಕಿನ ಮೊದಲಲ್ಲಿ ರಾಗ್ನಾಳ ದನಿಯಿತ್ತು. "ಧ್ವನಿ ಓಡ್ತಿದೆ," ಎನ್ನುವ ದನಿ.

ಅವನು ಕ್ಯಾಮೆರಾ, ಅವಳು ಮೈಕು. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಇಬ್ಬರೂ ಒಂದೇ ವ್ಯಾನಿನಲ್ಲಿ ತಿರುಗಿದವರು. ಮೀನು ಒಣಗಿಸುವ ಚಪ್ಪರ, ಕುರಿ ಇಳಿಸುವ ಬೆಟ್ಟ, ಯಾರದೋ ಮದುವೆ, ಎಲ್ಲ ಕಡೆಗೂ. ಮಧ್ಯಾಹ್ನ ಎಲ್ಲಾದರೂ ರಸ್ತೆ ಪಕ್ಕ ನಿಲ್ಲಿಸಿ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡನ್ನು ಬಿಚ್ಚುತ್ತಿದ್ದರು. ಅವನದರಲ್ಲಿ ಕಂದು ಚೀಸು, ಅವಳದರಲ್ಲಿ ಕುರಿಯ ಈಲಿ ಅರೆದ ಮುದ್ದೆ, ಸೌತೆಕಾಯಿ ಉಪ್ಪಿನಕಾಯಿ. ಏನಿದ್ದರೂ ಮುರಿದು ಅರ್ಧರ್ಧ. ಯಾವಾಗ ಶುರುವಾಯಿತೋ ಇಬ್ಬರಿಗೂ ನೆನಪಿರಲಿಲ್ಲ. ಫ್ಲಾಸ್ಕಿನ ಕಾಫಿ ಬಗ್ಗಿಸುವುದು ಅವಳ ಕೆಲಸ, ಕಿಟಕಿಯ ಮಂಜು ಒರೆಸುವುದು ಅವನದು. ಸಂಜೆ ಅವಳನ್ನು ಊರಿನ ಆ ತುದಿಯಲ್ಲಿ ಇಳಿಸಿ ಅವನು ಈ ತುದಿಗೆ ಬರುತ್ತಿದ್ದ. ಅಲ್ಲೂ ಒಂಟಿ ಮನೆ, ಇಲ್ಲೂ ಒಂಟಿ ಮನೆ.

ಅವನಿಗೆ ಅವಳ ಮೇಲೆ ಪ್ರೀತಿಯಿತ್ತು. ಸುತ್ತು ಬಳಸಿ ಹೇಳಬೇಕಾದ್ದೇನಿಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಮನೆಯ ಮುಂದೆ ಎಂಜಿನ್ ಆರಿಸದೆ ಕೂತಿದ್ದ. ಹೇಳಿ, ಅವಳು ನಕ್ಕುಬಿಟ್ಟರೆ ನಾಳೆ ಯಾರ ಜೊತೆ ಊಟ ಮಾಡುವುದು ಎಂಬ ಹೆದರಿಕೆ. "ನಾಳೆ ಗಾಳಿ ಜಾಸ್ತಿ ಅಂತೆ," ಎನ್ನುತ್ತಿದ್ದ. "ಮೈಕಿಗೆ ಉಣ್ಣೆ ಟೋಪಿ ಹಾಕ್ತೀನಿ ಬಿಡು," ಎಂದು ಅವಳು ಇಳಿದು ಹೋಗುತ್ತಿದ್ದಳು.

ಕೆಲಸದಲ್ಲಿ ಅವಳ ಉಡುಪು ಯಾವಾಗಲೂ ಕಪ್ಪು. ಧ್ವನಿ ಹಿಡಿಯುವವರು ಕಪ್ಪು ತೊಟ್ಟು ಕತ್ತಲ ಮೂಲೆ ಹುಡುಕಿ ಕೂರಬೇಕು, ಗಾಜಿನಲ್ಲೂ ನೀರಿನಲ್ಲೂ ಅವರ ನೆರಳು ಬೀಳಬಾರದು. "ಚೌಕಟ್ಟಿನೊಳಗೆ ನಾನು ಕಂಡ್ರೆ ನನ್ನ ಕೆಲ್ಸ ಕೆಟ್ಟಿತು ಅಂತ ಲೆಕ್ಕ," ಎನ್ನುತ್ತಿದ್ದಳು. ಅವನು ಕ್ಯಾಮೆರಾ ಹಿಡಿದು ಸುಮ್ಮನೆ ಅವಳ ಕಡೆ ತಿರುಗಿದರೂ ಟೋಪಿ ಮುಖದ ಮೇಲೆ ಎಳೆದುಕೊಂಡು ಬಯ್ಯುತ್ತಿದ್ದಳು.

ಇನ್ನೊಂದು ಪದ್ಧತಿಯಿತ್ತು. ಒಂದು ಜಾಗದ ಚಿತ್ರೀಕರಣ ಮುಗಿಯಿತೆಂದರೆ ರಾಗ್ನಾ ಕೈಯೆತ್ತುತ್ತಿದ್ದಳು. "ಈಗ ಕೋಣೆ ಮೌನ. ಯಾರೂ ಮಾತಾಡ್ಬಾರ್ದು, ಅಲ್ಲಾಡ್ಬಾರ್ದು." ಒಂದು ನಿಮಿಷ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಪ್ರತಿ ಕೋಣೆಗೂ ಅದರದೇ ಮೌನವಿರುತ್ತದೆ, ಅದನ್ನು ಹಿಡಿದಿಟ್ಟುಕೊಂಡರೆ ಮುಂದೆ ಮಾತಿನ ನಡುವೆ ಬಿರುಕು ಬಂದಲ್ಲಿ ತುಂಬಬಹುದು. ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಹೋದ ವರ್ಷ ಹಿಲ್ಮಾರಜ್ಜನ ದೋಣಿ ನೀರಿಗಿಳಿದ ಮೇಲೆ ರಾಗ್ನಾ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಳು. ಈಸ್ಟರ್ ಕಳೆಯುವುದರೊಳಗೆ ಇಲ್ಲವಾದಳು. ಚರ್ಚಿನಲ್ಲಿ ಮುಂದಿನ ಬೆಂಚು ನೆಂಟರದು, ಹಾಲ್ವರ್ ಹಿಂದೆ ಮೀನು ಕಾರ್ಖಾನೆಯವರ ಜೊತೆ ಕೂತ. ಗಂಡನೋ ಹೆಂಡತಿಯೋ ಸತ್ತರೆ ಅಳುವುದಕ್ಕೊಂದು ಜಾಗವಿರುತ್ತದೆ. ಜೊತೆಯಲ್ಲಿ ಕೆಲಸ ಮಾಡಿದವಳು ಸತ್ತರೆ ಎಲ್ಲಿ ಕೂತು ಅಳಬೇಕು? ಆಚೆ ಬಂದಾಗ ಅವಳ ತಮ್ಮ ಓಡ್ಗೇರ್ ಕೈ ಹಿಡಿದುಕೊಂಡ.

"ನಿಮ್ಮ ಹತ್ರ ಅಕ್ಕನ ಫೋಟೋ ಇರಬೇಕಲ್ಲ? ನಮ್ಮ ಹತ್ರ ಇರೋದೆಲ್ಲ ಹುಡುಗಿಯಾಗಿದ್ದಾಗಿಂದು. ಈಚೆಗಿಂದು ಒಂದೂ ಇಲ್ಲ. ನೀವು ಕ್ಯಾಮೆರಾದೋರು, ಒಂದಾದ್ರೂ ಇರುತ್ತೆ."

ಹುಡುಕಿ ಕಳಿಸುತ್ತೇನೆ ಎಂದಿದ್ದ ಹಾಲ್ವರ್. ಮನೆಗೆ ಬಂದು ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದ. ಊರಿನ ಹಕ್ಕಿಯಿತ್ತು, ಮೀನಿತ್ತು, ಯಾರ್ಯಾರದೋ ಮದುಮಗಳಿದ್ದಳು, ತೋರ್ದಿಸ್‌ಳ ಬೆಕ್ಕು ಕೂಡ ಇತ್ತು. ರಾಗ್ನಾ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಓಡ್ಗೇರ್‌ಗೆ ಆ ಮಾತು ಹೇಳಲು ನಾಚಿಕೆಯಾಗಿ ಅವನು ಸುಮ್ಮನಿದ್ದುಬಿಟ್ಟ, ಈಗಲೂ ಸುಮ್ಮನೇ ಇದ್ದ.

ಫೋನಿಟ್ಟ ಮೇಲೆ ಕಾಫಿ ಕಾಯಿಸಿಕೊಂಡು ಬಂದು ಕೆಲಸಕ್ಕೆ ಕೂತ. ಕಿಟಕಿಯಾಚೆ ಸೂರ್ಯನಿಲ್ಲದ ಹಗಲಿನ ನೀಲಿ ಬೆಳಕು. ಕಿಟಕಿಗೆ ಪರದೆ ಎಳೆದ. ಇಂಥ ದೋಷ ಹುಡುಕುವ ದಾರಿ ಒಂದೇ: ಒಂದೇ ಚಿತ್ರವನ್ನು ಮೂಲದಿಂದಲೂ ಕುಗ್ಗಿಸಿದ ಫೈಲುಗಳಿಂದಲೂ ತೆಗೆದು ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಬೇರೆಯಾಯಿತು ಎಂದು ನೋಡುವುದು. ಕತ್ತಲು ಹೆಚ್ಚಿರುವ ಚಿತ್ರವಾದರೆ ಒಳ್ಳೆಯದು. ಅವನು ಆರಿಸಿಕೊಂಡದ್ದು ಸಿನಿಮಾದ ಕೊನೆಯ ದೃಶ್ಯ.

ಅದು ಕೋಣೆ ಮೌನದ ನಿಮಿಷವೇ. ಅವತ್ತು ಹಿಲ್ಮಾರಜ್ಜನ ಶೆಡ್ಡಿನಲ್ಲಿ ರಾಗ್ನಾ ಮೌನ ಹಿಡಿಯುವಾಗ ಹಾಲ್ವರ್ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಅಜ್ಜ ಮುಗಿದ ದೋಣಿಯ ಪಕ್ಕದ ಮರದ ದಿಮ್ಮಿಯ ಮೇಲೆ ಕೂತಿದ್ದಾನೆ, ಕೈಗಳು ತೊಡೆಯ ಮೇಲಿವೆ, ಹಿಂದೆಲ್ಲ ಡಾಂಬರಿನ ಕತ್ತಲು. ಅಜ್ಜ ಒಮ್ಮೆ ಮೂಲೆಯ ಕಡೆ ನೋಡುತ್ತಾನೆ, ಒಮ್ಮೆ ಕ್ಯಾಮೆರಾದ ಕಡೆ. ಆಮೇಲೆ ಮೀಸೆಯೊಳಗೇ ನಗುತ್ತಾನೆ. ಆ ನಗುವಿಗಾಗಿಯೇ ಹಾಲ್ವರ್ ಸಿನಿಮಾವನ್ನು ಅಲ್ಲಿ ಮುಗಿಸಿದ್ದ.

ದೊಡ್ಡ ಮಾನಿಟರಿನಲ್ಲಿ ಮೂಲಚಿತ್ರ ಚೆನ್ನಾಗಿತ್ತು, ಕಪ್ಪು ಕಪ್ಪಾಗಿಯೇ ಇತ್ತು. ಪಕ್ಕದ ಪರದೆಯಲ್ಲಿ ಮೊದಲು ಕಳಿಸಿದ್ದ ಬಿಳಿಚಿದ ಫೈಲು. ಅದರಲ್ಲಿ ಶೆಡ್ಡಿನ ಹಿಂಬದಿ ಹೊಗೆ ತುಂಬಿದಂತೆ ಬೂದು. ಆ ಬೂದಿನಲ್ಲಿ, ದೋಣಿಯ ಮೂತಿಯಿಂದಾಚೆ, ಎಡಗಡೆ ಮೂಲೆಯಲ್ಲಿ ಏನೋ ಇತ್ತು. ಚೀಲವಿರಬೇಕು ಎಂದುಕೊಂಡ. ಹತ್ತಿರ ಬಗ್ಗಿದ.

ರಾಗ್ನಾ.

ಮಂಡಿಯ ಮೇಲೆ ಧ್ವನಿಯ ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ಟೋಪಿ ಹಿಂದಕ್ಕೆ ಸರಿದು ಹಣೆಯೂ ಒಂದು ಎಳೆ ನರೆಗೂದಲೂ ಕಾಣುತ್ತಿದ್ದವು. ಅವಳು ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ದೋಣಿಯನ್ನೂ ನೋಡುತ್ತಿರಲಿಲ್ಲ. ನೇರವಾಗಿ ಈ ಕಡೆಗೇ ನೋಡುತ್ತಿದ್ದಳು.

ಕಾಫಿಯ ಲೋಟ ಎಲ್ಲಿಟ್ಟನೋ ಅವನಿಗೇ ತಿಳಿಯಲಿಲ್ಲ. ಪಕ್ಕದ ದೊಡ್ಡ ಮಾನಿಟರಿಗೆ ಕಣ್ಣು ಹಾಯಿಸಿದರೆ ಅದೇ ಮೂಲೆ ಬರೀ ಕಪ್ಪು. ಬಿಳಿಚಿದ್ದರಲ್ಲಿ ಅವಳು. ಕಪ್ಪಿನಲ್ಲಿ ಯಾರೂ ಇಲ್ಲ. ನಿಮಿಷವಿಡೀ ಅದನ್ನು ಓಡಿಸಿ ನೋಡಿದ. ಅವಳು ಒಂದು ಸಲ ಕೂಡ ಕಣ್ಣು ತೆಗೆಯಲಿಲ್ಲ. ಆಮೇಲೆ ತಲೆಯನ್ನು ಕೈಗಳಲ್ಲಿಟ್ಟುಕೊಂಡು ಅತ್ತ. ಅವಳು ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಕಚ್ಚಾ ಚಿತ್ರದಲ್ಲೂ ಅವಳು ಇದ್ದೇ ಇದ್ದಳು, ಬಣ್ಣ ತಿದ್ದುವ ಮೊದಲು ಮೂಲೆಯೇನೂ ಅಷ್ಟು ಕತ್ತಲಾಗಿರಲಿಲ್ಲ. ಎಷ್ಟೋ ಸಲ ಅದು ಅವನ ಕಣ್ಣ ಮುಂದೆ ಹಾದುಹೋಗಿತ್ತು. ಅವನು ನೋಡುತ್ತಿದ್ದದ್ದು ಅಜ್ಜನ ಕೈಗಳನ್ನು, ಮೀಸೆಯನ್ನು, ಹಲಗೆಯ ಮೇಲಿನ ಹೊಳಪನ್ನು. ಹಿಂಬದಿ ಗಲೀಜಾಗಿದೆ ಎಂದು ಅದನ್ನು ಕತ್ತಲಿಗೆ ತಳ್ಳಿದವನೂ ಅವನೇ.

ಅವಳ ನೋಟಕ್ಕೆ ಅರ್ಥ ಹಚ್ಚಲು ಹೊರಟ ಮನಸ್ಸನ್ನು ಅವನೇ ತಡೆದ. ಧ್ವನಿಯವರು ಕ್ಯಾಮೆರಾ ನೋಡುವುದು ಸಹಜ. ಓಡುತ್ತಿದೆಯೋ ನಿಂತಿತೋ ಎಂದು ಕೆಂಪು ದೀಪ ನೋಡುತ್ತಾರೆ. ಅಷ್ಟೇ ಇರಬೇಕು. ಸತ್ತವಳ ಬಾಯಲ್ಲಿ ಇಲ್ಲದ ಮಾತು ಹಾಕುವುದು ಯಾವ ನ್ಯಾಯ?

ಆ ಬಿಳಿಚಿದ ಚಿತ್ರದಿಂದ ಅವಳಿದ್ದಷ್ಟನ್ನು ಕತ್ತರಿಸಿ ಓಡ್ಗೇರ್‌ಗೆ ಕಳಿಸಿದ. "ತಡವಾಯಿತು, ಕ್ಷಮಿಸು. ಬಣ್ಣ ಸರಿಯಿಲ್ಲ. ಆದರೆ ಇವಳೇ." ಓಡ್ಗೇರ್‌ನಿಂದ ಸ್ವಲ್ಪ ಹೊತ್ತಿಗೇ ಉತ್ತರ ಬಂತು. "ಅಕ್ಕನ ಇಂಥ ಮುಖ ನಾನು ನೋಡಿಯೇ ಇರಲಿಲ್ಲ. ಅವಳು ಯಾರನ್ನು ನೋಡುತ್ತಿದ್ದಾಳೆ?"

ಹಾಲ್ವರ್ ಆ ಚಿತ್ರವನ್ನು ಇನ್ನೊಮ್ಮೆ ತೆರೆದು ನೋಡಿದ. "ಕ್ಯಾಮೆರಾವನ್ನು," ಎಂದು ಬರೆದು ಕಳಿಸಿದ.

ಈಗ ದೋಷ ಸರಿಪಡಿಸುವುದಕ್ಕೆ ಅವನ ಕೈ ಬರಲೊಲ್ಲದು. ಸರಿಪಡಿಸಿದರೆ ಅವಳು ಹೋಗುತ್ತಾಳೆ. ಊರವರೆಲ್ಲ ಒಂದೇ ಕಡೆ ಸೇರಿ ಕಣ್ಣು ನೆಟ್ಟು ನೋಡುವ ಸಿನಿಮಾದಲ್ಲಿ ಅವಳು ಒಂದು ನಿಮಿಷ ಇರುತ್ತಾಳಲ್ಲ, ಇದ್ದರೇನು? ಡಾಂಬರು ಬೂದಿಯಾದರೆ ಆಗಲಿ, ಟೋಪಿ ಇಟ್ಟಿಗೆಯಾಗಲಿ, ತೋರ್ದಿಸ್ ಎರಡು ದಿನ ಬಯ್ದು ಸುಮ್ಮನಾಗುತ್ತಾಳೆ. ಆಮೇಲೆ ಇನ್ನೊಂದು ಉಪಾಯ ಹೊಳೆಯಿತು. ಉಳಿದದ್ದೆಲ್ಲ ಸರಿಯಾಗಿಟ್ಟು ಆ ಮೂಲೆಯೊಂದಕ್ಕೆ ಮಾತ್ರ ಬೆಳಕು ಎತ್ತುವುದು. ಎತ್ತಿದ. ಅವಳ ಸುತ್ತ ಅಂಚು ಮಂಕಾದ ಬೆಳಕಿನ ಉಂಡೆ ನಿಂತು, ಚರ್ಚಿನ ಗೋಡೆಯ ಮೇಲಿನ ಸಂತರಂತೆ ಅವಳು ಕಂಡಳು. ರಾಗ್ನಾ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿಸಿ, ಟೋಪಿ ಎಳೆದುಕೊಂಡು, ಬಯ್ಯುತ್ತಿದ್ದಳು: ಇಪ್ಪತ್ತು ವರ್ಷ ಒಂದು ಚೌಕಟ್ಟಿನಲ್ಲೂ ಬೀಳದೆ ಕೆಲಸ ಮಾಡಿದೆ, ಸತ್ತ ಮೇಲೆ ಊರ ಮುಂದೆ ನನ್ನ ಮರ್ಯಾದೆ ತೆಗೀತೀಯಾ ಎಂದು.

ಅವನು ಆ ಬೆಳಕನ್ನು ಅಳಿಸಿದ. ಕಪ್ಪಿಗೆ ಕಪ್ಪು ಬೆರೆಸಿದ್ದನ್ನೂ ಅಳಿಸಿದ. ಫೈಲಿನ ಗುರುತು ಎಲ್ಲಿ ತಪ್ಪಿತೆಂದು ಹುಡುಕಿದರೆ ಅದು ಗಳಿಗೆಯ ಕೆಲಸ. ಶರತ್ಕಾಲದಲ್ಲಿ ಕಂಪ್ಯೂಟರ್ ಬದಲಿಸಿದಾಗ ಕುಗ್ಗಿಸುವ ಹಳೆಯ ಸೆಟ್ಟಿಂಗನ್ನೇ ಹೊಸದಕ್ಕೂ ತುಂಬಿಸಿದ್ದ, ಹಳೆಯ ಯಂತ್ರ ಕೇಳದೆಯೇ ಹಾಕುತ್ತಿದ್ದ ಗುರುತನ್ನು ಹೊಸದು ಹಾಕುತ್ತಿರಲಿಲ್ಲ. ಸರಿಮಾಡಿ, ಪರೀಕ್ಷೆಗೆಂದು ಕಪ್ಪಿನಿಂದ ಬಿಳುಪಿಗೆ ಹತ್ತುವ ಪಟ್ಟಿಯೊಂದನ್ನು ತೋರ್ದಿಸ್‌ಗೆ ಕಳಿಸಿ ಫೋನು ಮಾಡಿದ.

"ತುದಿಯಲ್ಲಿರೋ ಕಪ್ಪು ನಿಜವಾಗ್ಲೂ ಕಪ್ಪಾಗಿದ್ಯಾ?"

"ನನ್ನ ಅತ್ತೆ ಮನಸ್ಸಿನಷ್ಟು."

"ಅದರ ಪಕ್ಕದ್ದು? ಬೇರೆ ಅಂತ ಗೊತ್ತಾಗುತ್ತಾ?"

"ಕಣ್ಣು ಕಿರಿದು ಮಾಡಿದ್ರೆ ಗೊತ್ತಾಗುತ್ತೆ. ಏನೋ ಇದೆ ಅನ್ಸುತ್ತೆ, ಏನು ಅಂತ ಕಾಣಲ್ಲ."

"ಹಾಗೇ ಇರ್ಬೇಕು," ಎಂದ ಹಾಲ್ವರ್. ಅವನ ದನಿ ಒಡೆಯಿತು. ತೋರ್ದಿಸ್, ನಾಳೆ ಮೋಡ ಬರದಿದ್ದರೆ ಸಾಕು ಎಂದಳು.

ಸೂರ್ಯನ ದಿನ ಆಕಾಶ ತಿಳಿಯಾಗಿತ್ತು. ಸೂರ್ಯ ತಲೆ ಹಾಕುವ ಮೊದಲೇ ಸಿನಿಮಾ ಮುಗಿಸಬೇಕೆಂದು ತೋರ್ದಿಸ್ ಜನರನ್ನು ಕುರಿಗಳಂತೆ ಅಟ್ಟಿ ಕೂರಿಸಿದಳು. ಮಾಡು ಸೋರುವ ಎರಡು ಕಡೆ ಬಕೆಟ್ ಇಟ್ಟಿದ್ದಳು. ಹಾಲ್ವರ್ ಹಿಂದಿನ ಸಾಲಿನಲ್ಲಿ ಕೂತ. ಪರದೆಯ ಮೇಲೆ ಡಾಂಬರು ಡಾಂಬರಾಗಿತ್ತು. ಟೋಪಿ ಬಂದಾಗ ತೋರ್ದಿಸ್ ಜೋರಾಗಿ, "ಅದು ಕೆಂಪು ಅಂದ್ರೆ!" ಎಂದಳು, ಎಲ್ಲರೂ ನಕ್ಕರು. ಕೊನೆಯ ನಿಮಿಷ ಬಂತು. ಶೆಡ್ಡಿನ ಮೌನ ದೋಣಿಮನೆಯನ್ನು ತುಂಬಿತು, ಮಕ್ಕಳು ಕೂಡ ಉಸಿರು ಬಿಗಿಹಿಡಿದರು. ಹಾಲ್ವರ್ ಮಾತ್ರ ತಲೆ ತಗ್ಗಿಸಿ ಬೂಟು ನೋಡುತ್ತಿದ್ದ. ಆ ಮೂಲೆಯನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ದೀಪ ಹತ್ತಿತು. ಎಲ್ಲರೂ ಬನ್ನು ಹಿಡಿದು ಸೂರ್ಯನನ್ನು ನೋಡಲು ಹೊರಗೆ ಓಡಿದರು. ಹಿಲ್ಮಾರಜ್ಜ ಕೋಲೂರಿಕೊಂಡು ಎಲ್ಲರಿಗೂ ಎದುರಾಗಿ ಹಿಂದಿನ ಸಾಲಿಗೆ ಬಂದು ಅವನ ಪಕ್ಕದಲ್ಲಿ ಕೂತ.

"ಕೊನೇಲಿ ನಾನು ನಗ್ತೀನಲ್ಲ, ಅದನ್ಯಾಕೆ ಇಟ್ಟೆ?"

"ಚೆನ್ನಾಗಿತ್ತಲ್ಲ ಅಜ್ಜ. ದೋಣಿ ಮುಗೀತಲ್ಲ ಅನ್ನೋ ಸಂತೋಷ ಮುಖದಲ್ಲಿ ಕಾಣ್ತಿತ್ತು."

"ಕೊನೇ ದೋಣಿ ಮುಗಿದ್ರೆ ಯಾವನಾದ್ರೂ ನಗ್ತಾನೇನೋ? ಅಳು ಬರುತ್ತೆ." ಅಜ್ಜ ಮೂಗೊರೆಸಿಕೊಂಡ. "ನಾನು ನಕ್ಕಿದ್ದು ನಿಮ್ಮಿಬ್ರನ್ನ ನೋಡಿ. ಆ ಹುಡುಗಿ ರಾಗ್ನಾ, ಎಲ್ರೂ ಸುಮ್ಮನಿರಿ ಅಂದ್ಲು. ಅಂದೋಳು ಮೂಲೇಲಿ ಕೂತು ನಿನ್ನನ್ನೇ ನೋಡ್ತಿದ್ಲು."

"ಕ್ಯಾಮೆರಾ ಓಡ್ತಿದ್ಯಾ ಅಂತ ನೋಡಿರ್ತಾಳೆ."

"ಕ್ಯಾಮೆರಾನ ಯಾರಾದ್ರೂ ಹಂಗೆ ನೋಡ್ತಾರಾ, ಪೆದ್ದ! ನಾನೂ ಒಬ್ಬಳ ಜೊತೆ ಬಾಳಿದೋನು, ನಂಗೆ ಗೊತ್ತಾಗಲ್ವಾ? ನೀವು ಬಂದಾಗಿಂದ ನೋಡ್ತಾನೇ ಇದ್ದೆ ನಾನು. ನೀನು ಡಬ್ಬಿಯೊಳಗೆ ಮುಖ ಹುಗಿಸ್ದೆ ಅಂದ್ರೆ ಸಾಕು, ಅವಳು ಶುರು ಮಾಡೋಳು. ನೀನು ತಲೆ ಎತ್ತಿದ್ರೆ ಪೆಟ್ಟಿಗೆ ಗುಬುಟು ತಿರುಗಿಸೋಳು. ಅವತ್ತು ಆ ಮೌನದಲ್ಲಿ, ಈಗ ಎತ್ತಾನೆ, ಈಗ ಎತ್ತಾನೆ ಅಂತ ನಾನೂ ಕಾಯ್ದೆ. ಇವನು ಎತ್ತೋ ಗಿರಾಕಿ ಅಲ್ಲ ಅಂತ ನಗು ಬಂತು."

ಹಾಲ್ವರ್ ಅಜ್ಜನ ಕಡೆ ತಿರುಗಿದ. "ಅವತ್ತೇ ಯಾಕೆ ಹೇಳ್ಲಿಲ್ಲ ಅಜ್ಜ?"

"ಮಾತಾಡ್ಬಾರ್ದು ಅಂದಿದ್ಲಲ್ಲ." ಅಜ್ಜ ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದ. "ಆಮೇಲೂ ಹೇಳ್ಬಹುದಿತ್ತು. ನಿಮ್ಮಿಬ್ರ ಮಧ್ಯೆ ನಾನ್ಯಾಕೆ ತಲೆ ಹಾಕ್ಲಿ, ನೀವೇ ಹೇಳ್ಕೋತೀರ ಅಂದ್ಕೊಂಡೆ. ಅವಳು ಹಂಗೆ ಹೋಗ್ಬಿಡ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

ಹೊರಗಿನಿಂದ ಯಾರೋ ಕೂಗಿದರು, ಅಜ್ಜ ಅವನ ಭುಜ ತಟ್ಟಿ ಎದ್ದು ಹೋದ. ಬಾಗಿಲ ಸಂದಿಯಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

ರಿಮೋಟು ತೋರ್ದಿಸ್‌ಳ ಕುರ್ಚಿಯ ಮೇಲಿತ್ತು. ಹಾಲ್ವರ್ ದೀಪ ಆರಿಸಿ, ಕೊನೆಯ ನಿಮಿಷವನ್ನು ಮತ್ತೆ ಹಾಕಿ, ಮೊದಲ ಸಾಲಿನ ನಡುವಿನಲ್ಲಿ ಕೂತ. ಶೆಡ್ಡಿನ ಮೌನ ಮತ್ತೆ ಶುರುವಾಯಿತು. ಅಜ್ಜ ಮೂಲೆಯ ಕಡೆ ನೋಡಿದ, ಈ ಕಡೆ ನೋಡಿದ. ಈ ಸಲ ಹಾಲ್ವರ್ ತಲೆ ಎತ್ತಿದ್ದ. ದೋಣಿಯ ಮೂತಿಯಿಂದಾಚೆ ಎಡಗಡೆಯ ಆ ಕಪ್ಪನ್ನು ರೆಪ್ಪೆ ಮಿಟುಕಿಸದೆ ನೋಡಿದ. ಏನೂ ಕಾಣಲಿಲ್ಲ. ಕಾಣದಂತೆ ಮಾಡಿದವನು ಅವನೇ. ಅಲ್ಲಿಂದ ಅವಳು ನೋಡುತ್ತಿದ್ದಾಳೆಂದು ಗೊತ್ತಿದ್ದು, ಅಜ್ಜ ನಗುವವರೆಗೂ, ನಕ್ಕ ಮೇಲೂ, ಚಿತ್ರ ಮುಗಿದು ಪರದೆ ಬರಿದಾಗುವವರೆಗೂ ನೋಡಿದ.

ಫೋನು ತೆಗೆದು ಓಡ್ಗೇರ್‌ಗೆ ಬರೆದ. "ನಿನ್ನೆ ತಪ್ಪು ಹೇಳಿದೆ. ಅವಳು ನೋಡುತ್ತಿದ್ದದ್ದು ನನ್ನನ್ನು. ನಾನು ಅವಳನ್ನು ನೋಡಲಿಲ್ಲ."

ಹೊರಗೆ ಬಂದಾಗ ಜನ ಚದುರುತ್ತಿದ್ದರು. ಬೆಟ್ಟದ ನೆತ್ತಿಯ ಮೇಲೆ ಕಿತ್ತಳೆ ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ತೋರ್ದಿಸ್ ಅವನಿಗೆಂದು ಒಂದು ಬನ್ನು ಎತ್ತಿಟ್ಟಿದ್ದಳು.

"ಎಲ್ಲಿದ್ಯೋ ಇಷ್ಟೊತ್ತು? ಸೂರ್ಯ ಬಂದು ಹೋಗಿಯೂ ಆಯ್ತು." ಅವನ ಮುಖ ನೋಡಿ ದನಿ ತಗ್ಗಿಸಿದಳು. "ಹೋಗ್ಲಿ ಬಿಡು. ನಾಳೆ ಮತ್ತೆ ಬರ್ತಾನೆ. ನಾಳೆ ಇನ್ನೂ ಜಾಸ್ತಿ ಹೊತ್ತು ಇರ್ತಾನೆ."

"ಹೂಂ," ಎಂದ ಹಾಲ್ವರ್. "ಸೂರ್ಯ ಬರ್ತಾನೆ."

ಬನ್ನನ್ನು ಅಭ್ಯಾಸಬಲದಿಂದ ಎರಡಾಗಿ ಮುರಿದ. ಒಂದು ಅರ್ಧ ತಿಂದ. ಇನ್ನೊಂದು ಅರ್ಧವನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದ.